ತೆರಿಗೆ ಉಳಿಸಲು ಹೊರಟ ಮಗ

ನನ್ನ ಮಗ ಎಲ್ಲವನ್ನೂ ಉಳಿಸುವವನು, ಮಾತೊಂದನ್ನು ಬಿಟ್ಟು. ಮಂಗಳೂರಿನ ಒಂದು ಫೈನಾನ್ಸ್ ಕಂಪೆನಿಯಲ್ಲಿ ಕೆಲಸ, ದಿನಾ ಮೂಡುಬಿದಿರೆಯಿಂದ ಹೋಗಿ ಬರುತ್ತಾನೆ. ಮದುವೆ ಇನ್ನೂ ಆಗಿಲ್ಲ. ಮನೆಯಲ್ಲಿ ನಾವು ಮಾತಾಡುವುದು ತುಳು. ತೆರಿಗೆಯ ವಿಷಯ ಬಂದರೆ ಮಾತ್ರ ಅವನ ಬಾಯಲ್ಲಿ ಕನ್ನಡ ಶುರುವಾಗುತ್ತದೆ, ಅದೂ ಕೌಂಟರಿನ ಆಚೆ ಕೂತವರ ಕನ್ನಡ.

ಕಳೆದ ವರ್ಷ ಅವನಿಗೆ ನಮ್ಮ ಮನೆಯ ಚಿಂತೆ ಹತ್ತಿಕೊಂಡಿತು. ಶಿರ್ತಾಡಿ ರಸ್ತೆಯ ಬದಿಯಲ್ಲಿ ನಾವೇ ಕಟ್ಟಿಸಿದ ತಾರಸಿ ಮನೆ ಅದು. ನನ್ನ ಗಂಡ ಬಸ್ ಕಂಡಕ್ಟರಾಗಿದ್ದರು, ನಾನು ಪೇಟೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ಮನೆ ಇಬ್ಬರ ಹೆಸರಿನಲ್ಲೂ ಇದೆ.

ಊಟಕ್ಕೆ ಕೂತಾಗೆಲ್ಲ ಪಾಠ. ಮನೆಯನ್ನು ಅವನಿಗೆ ಮಾರಿದಂತೆ ಕ್ರಯಪತ್ರ ಮಾಡಿದರೆ ಬೆಲೆಗೆ ತಕ್ಕ ಸ್ಟಾಂಪ್ ಡ್ಯೂಟಿ ಬೀಳುತ್ತದಂತೆ, ಮೇಲಿಂದ ನಮ್ಮ ತಲೆಗೆ ಕ್ಯಾಪಿಟಲ್ ಗೇನ್ಸ್ ತೆರಿಗೆ. ದಾನಪತ್ರವಾದರೆ ಹೆತ್ತವರಿಂದ ಮಕ್ಕಳಿಗೆ ಚಿಲ್ಲರೆ ಖರ್ಚು, ಆದಾಯ ತೆರಿಗೆಯೂ ಇಲ್ಲ. ವಿಲ್ ಬರೆದಿಟ್ಟರೆ ಸ್ಟಾಂಪೇ ಬೇಡವಲ್ಲ ಎಂದು ನಾನು ಕೇಳಿದೆ. ವಿಲ್ ಎಂದರೆ ಮುಂದೆ ತಕರಾರು, ದಾನಪತ್ರದ ರಿಯಾಯಿತಿಯನ್ನು ಸರಕಾರ ಯಾವಾಗ ತೆಗೆಯುತ್ತದೋ ಗೊತ್ತಿಲ್ಲ ಎಂದ. ಸರಕಾರ ವಿಧಾನಸೌಧದಲ್ಲಿ ಕೂತು ನಮ್ಮ ಮನೆಯನ್ನೇ ನೋಡುತ್ತಿದೆ ಅನ್ನುವ ಹಾಗೆ! ಮನೆಯ ಕರೆಂಟು ಬಿಲ್ಲು ಎಷ್ಟು ಬರುತ್ತದೆಂದು ಈ ಮಹಾಶಯನಿಗೆ ಇವತ್ತಿಗೂ ಗೊತ್ತಿಲ್ಲ. ಕಟ್ಟುವುದು ಅವನ ಅಪ್ಪ.

ಆ ಅಪ್ಪನೋ, ಎಲ್ಲದಕ್ಕೂ ಹೂಂಗುಟ್ಟುವ ಜನ. ಇವನಿಗಲ್ಲದೆ ಇನ್ಯಾರಿಗೆ ಕೊಡುವುದು ಎಂದರು. ಬೆಳ್ತಂಗಡಿಗೆ ಮದುವೆ ಮಾಡಿಕೊಟ್ಟ ಮಗಳಿಗೆ ಫೋನು ಮಾಡಿದೆ. ಅವಳು ಪಾಲು ಕೇಳಲಿಲ್ಲ. ಸಾಯುವವರೆಗೆ ನೀವಿಬ್ಬರೂ ಆ ಮನೆಯಲ್ಲೇ ಇರುವ ಹಕ್ಕಿದೆ ಎಂದು ಒಂದು ಸಾಲು ಬರೆಸಿಕೊಳ್ಳಿ, ಅಷ್ಟು ಸಾಕು ಎಂದಳು. ಮಗನಿಗೆ ಅದನ್ನೇ ಹೇಳಿದೆ. ಅದೇನು ದೊಡ್ಡ ವಿಷಯ, ಬರೆಸುವ ಎಂದು ಒಪ್ಪಿದ.

ಸಬ್ ರಿಜಿಸ್ಟ್ರಾರ್ ಕಚೇರಿಯ ಹತ್ತಿರ ದಸ್ತಾವೇಜು ಬರೆಯುವವರ ಕೋಣೆ. ಮಗ ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದ, ಇಳಿಯುವಾಗ ಬಾಗಿಲು ಬೇರೆ ತೆರೆದು ಹಿಡಿದ. ಅಂಥ ಮರ್ಯಾದೆ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಬರಹಗಾರರು ದಾನಪತ್ರವನ್ನು ಓದಿ ಹೇಳಿದರು. ಇಂದಿನಿಂದಲೇ ಸ್ವಾಧೀನ ಬಿಟ್ಟುಕೊಟ್ಟಿರುತ್ತೇವೆ, ಇನ್ನು ಮುಂದೆ ನಮಗೆ ಯಾವ ಹಕ್ಕೂ ಇರುವುದಿಲ್ಲ. ಅಲ್ಲಿಗೆ ಓದು ಮುಗಿಯಿತು. ನಾನು ಹೇಳಿದ್ದ ಸಾಲು ಬರಲೇ ಇಲ್ಲ.

ನಾನು ಮಗನ ಮುಖ ನೋಡಿದೆ. ಅವನು ಮೊಬೈಲು ನೋಡಿದ.

"ಇವತ್ತು ರಾತ್ರಿ ನಾವು ಯಾರ ಮನೆಯಲ್ಲಿ ಮಲಗುವುದು?" ಎಂದು ಕೇಳಿದೆ.

"ಎಂಥ ಮಾತಮ್ಮ ಇದು, ನಮ್ಮ ಮನೆಯಲ್ಲೇ."

"ಹಾಗಾದ್ರೆ ಅದನ್ನೇ ಬರೆಸು."

ಅವನು ಸ್ವರ ತಗ್ಗಿಸಿದ. "ಅದು ಹಾಕಿದ್ರೆ ಬ್ಯಾಂಕಿನವರು ಲೋನ್ ಕೊಡುದಿಲ್ಲ."

ಯಾವ ಲೋನು, ಯಾವ ಬ್ಯಾಂಕು? ಕೆದಕಿದ ಮೇಲೆ ಬಾಯಿಬಿಟ್ಟ. ಮನೆಯನ್ನು ಅಡವಿಟ್ಟು, ಮೇಲೆ ಎರಡು ಮಾಳಿಗೆ ಎಬ್ಬಿಸಿ, ಕಾಲೇಜು ಮಕ್ಕಳಿಗೆ ಪೀಜಿ ಮಾಡುವುದಂತೆ. ಕೆಳಗೆ ಅವರಿಗೆ ಮೆಸ್. ಮತ್ತೆ ನಾವು? ನಿಮಗೆ ಹಿಂದಿನ ಕೋಣೆ ಸಾಕಾಗುತ್ತದಲ್ಲ ಎಂದ. ಹಿಂದಿನ ಕೋಣೆಯಲ್ಲಿ ನಾವು ತೆಂಗಿನಕಾಯಿ ರಾಶಿ ಹಾಕುವುದು. ಥೂ! ಇಷ್ಟಕ್ಕೆ ವರ್ಷವಿಡೀ ತೆರಿಗೆಯ ಪುರಾಣ ಓದಿದನಲ್ಲ. ಸಾಲ ಬೇಕು ಅಮ್ಮ ಎಂದು ತುಳುವಿನಲ್ಲಿ ಒಂದು ಮಾತು ಕೇಳಿದ್ದರೆ ನಾನು ಯೋಚನೆಯಾದರೂ ಮಾಡುತ್ತಿದ್ದೆ. ಅಷ್ಟು ಕೇಳಲು ಮುಖವಿಲ್ಲದವನಿಗೆ ಮನೆ ಬೇಕು. ಹೇಸಿಗೆಯಾಯಿತು ನನಗೆ.

ಬರಹಗಾರರು ಸಹಿಗೆಂದು ಪೆನ್ನು ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ನನ್ನ ಗಂಡ ಎದ್ದು ನಿಂತರು.

"ಬಸ್ಸುಂಟು, ಹೋಗುವ" ಎಂದರು.

ಮಗ ಕಾರಿನ ಹತ್ತಿರ ನಿಂತು ಕರೆದ. ನಾವು ತಿರುಗಿ ನೋಡಲಿಲ್ಲ. ಬಸ್ಸಿಳಿದು ನಡೆದು ಬರುವಾಗ ಅವನು ನಮಗಿಂತ ಮೊದಲೇ ತಲುಪಿ ಮೆಟ್ಟಿಲ ಮೇಲೆ ಕೂತಿದ್ದ. ಬೆಳಿಗ್ಗೆ ಬೀಗ ಹಾಕಿದವಳು ನಾನು. ಬ್ಯಾಗಿನಿಂದ ಬೀಗದ ಕೈ ತೆಗೆದೆ. ಅವನು ಎದ್ದು ಬದಿಗೆ ಸರಿದು ದಾರಿ ಬಿಟ್ಟ. ನಾನು ಬಾಗಿಲು ತೆರೆದು, ಒಳಗೆ ಬಾ ಎಂದೆ.