ದೀಪ ಹಚ್ಚುವ ಹೊತ್ತಿನ ಪಾರ್ಸೆಲ್

‘ಪಾರ್ಸೆಲ್’ ಎಂದು ಕೂಗಿದರೆ ಓಡಿ ಬಂದು ಬಾಗಿಲು ತೆರೆಯುವವರನ್ನು ನೋಡಿದ್ದೇನೆ. ಒಳಗಿನಿಂದ ಅಗುಳಿ ಹಾಕಿಕೊಂಡವಳನ್ನು ನೋಡಿದ್ದು ಕಳೆದ ತಿಂಗಳೇ.

ಅವಳ ಹೆಸರು ಪದ್ಮ. ಜಯನಗರದಲ್ಲಿ ನಮ್ಮ ಪಕ್ಕದ ಮನೆ. ಗಂಡ ಗುರುರಾಜ ಸೈನ್ಯದಲ್ಲಿ ವೈರ್‌ಲೆಸ್ ಕೆಲಸದವನು, ಉತ್ತರದ ಗಡಿಯಲ್ಲಿ ಎಲ್ಲೋ ಇದ್ದಾನೆ. (ಎಲ್ಲಿ ಎಂದು ಅವನು ಬರೆಯುವ ಹಾಗಿಲ್ಲ, ಇವರು ಕೇಳುವ ಹಾಗಿಲ್ಲ.) ಮನೆಯಲ್ಲಿ ಇರುವವರು ಪದ್ಮ, ಅವಳ ಮಾವ ಶ್ರೀನಿವಾಸರಾಯರು, ಇಬ್ಬರೇ. ರಾಯರಿಗೆ ಚಿಕ್ಕಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಮತ್ತೆ ಮನೆ ಸೇರುವುದು ಕತ್ತಲಾದ ಮೇಲೆ. ಪದ್ಮ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಹೋಗು ಎಂದರೆ, ‘ಅವರ ಕಾಗದ ಈ ಅಡ್ರೆಸ್ಸಿಗೆ ಬರುತ್ತೆ’ ಎನ್ನುತ್ತಾಳೆ.

ಇನ್ನು ಸಂಜೆಯ ಪಾರ್ಸೆಲ್ಲಿನ ವಿಷಯ. ರೈಲಿನಲ್ಲಿ ಬಂದ ಸಾಮಾನನ್ನು ಮನೆ ಬಾಗಿಲಿಗೇ ತಲುಪಿಸುವ ಕಂಪನಿಯೊಂದು ನಮ್ಮ ಕಡೆಗೂ ವ್ಯಾನು ಬಿಟ್ಟಿದೆ. ಹಗಲೆಲ್ಲ ಪೇಟೆ, ಕಂಟೋನ್ಮೆಂಟು ಸುತ್ತಿ ಅದು ಜಯನಗರಕ್ಕೆ ಬರುವಷ್ಟರಲ್ಲಿ ಮುಸ್ಸಂಜೆ. ಇದು ಸರಿಯೋ ತಪ್ಪೋ ಎಂಬುದು ನಮ್ಮ ರಸ್ತೆಯಲ್ಲಿ ಆಗಲೇ ದೊಡ್ಡ ಚರ್ಚೆ.

ರಿಟೈರಾಗಿರುವ ನಂಜುಂಡಯ್ಯನವರ ವಾದ ಖಡಾಖಂಡಿತ. “ದೀಪ ಹಚ್ಚೋ ಹೊತ್ತಲ್ಲಿ ಮನೆ ಬಾಗಿಲಿಗೆ ಲಕ್ಷ್ಮಿ ಬರ್ಬೇಕು, ಲಗೇಜ್ ಬರಬಾರ್ದು” ಎಂದು ಅವರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ನಾನು ಹೈಸ್ಕೂಲು ಮೇಡಂ. ಹಗಲಲ್ಲಿ ನಮ್ಮ ಮನೆಗೆ ಬೀಗ. ಹಿಂದೆ ಊರಿನಿಂದ ಅಮ್ಮ ಹಪ್ಪಳದ ಡಬ್ಬ ಕಳಿಸಿದರೂ ಅರ್ಧ ದಿನ ರಜ ಹಾಕಿ ಸ್ಟೇಷನ್ನಿಗೆ ಹೋಗಬೇಕಾಗಿತ್ತು. ನನ್ನ ಓಟು ಸಂಜೆಗೇ. ನೀವಾಗಿದ್ದರೆ ಬೇರೆ ಹೇಳುತ್ತಿದ್ದಿರಾ?

ಆದರೆ ಒಂದು ಮಾತು ಒಪ್ಪಬೇಕು. ನಮ್ಮ ಬಡಾವಣೆಯ ಮುಸ್ಸಂಜೆ ಅಷ್ಟೇನೂ ಧೈರ್ಯದ ಹೊತ್ತಲ್ಲ. ಎರಡು ಮನೆ ಆದರೆ ಮೂರು ಖಾಲಿ ಸೈಟು. ಅರ್ಧ ಎದ್ದ ಗೋಡೆಗಳು, ರಸ್ತೆಗೆ ಬಿದ್ದ ಜಲ್ಲಿ ರಾಶಿ. ಬೀದಿ ದೀಪದ ಕಂಬ ಇದೆ, ದೀಪ ಅದರ ಮನಸ್ಸು ಬಂದಂತೆ. ಯಡಿಯೂರು ಕೆರೆ ಕಡೆಯಿಂದ ಕಪ್ಪೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಂಥ ಹೊತ್ತಲ್ಲಿ ಗೇಟು ಕಿರ್ರೆಂದರೆ ಯಾರಿಗಾದರೂ ಒಂದು ಕ್ಷಣ ಏನೋ ಆಗುತ್ತದೆ. ಈಗಂತೂ ದಿನಾ ಸಂಜೆ ರೇಡಿಯೋ ಹಾಕಿದರೆ ಗಡಿಯ ವಾರ್ತೆ. ಹೀಗಿರುವಾಗ ಗಂಡನನ್ನು ಗಡಿಗೆ ಕಳಿಸಿದವಳಿಗೆ?

ಆ ದಿನ ನಾನು ಸ್ಕೂಲಿನಿಂದ ಬಂದು ಕಾಫಿಗೆ ನೀರಿಟ್ಟಿದ್ದೆ. ಹೊರಗೆ ವ್ಯಾನು ನಿಂತ ಸದ್ದು. ಪಕ್ಕದ ಮನೆಯ ಗೇಟು. ಆಮೇಲೆ ಒಬ್ಬ ಗಂಡಸಿನ ಧ್ವನಿ, “ಪಾರ್ಸೆಲ್ ಅಮ್ಮ.” ಮತ್ತೆ, “ಅಮ್ಮ, ಪಾರ್ಸೆಲ್.” ನಂತರ ಬಾಗಿಲಿನ ಅಗುಳಿ ಬಿದ್ದ ಸದ್ದು ನಮ್ಮ ಅಡಿಗೆಮನೆಗೇ ಕೇಳಿಸಿತು.

ಒಲೆ ಆರಿಸಿ ಹೊರಗೆ ಹೋದೆ. ಖಾಕಿ ಬಟ್ಟೆಯವನೊಬ್ಬ ಜಗಲಿಯ ಮೇಲೆ ದಿಕ್ಕು ತೋಚದೆ ನಿಂತಿದ್ದ. (ಈ ಖಾಕಿಯೇ ಒಂದು ಕಷ್ಟ. ಟೆಲಿಗ್ರಾಂ ತಂತಿ ತರುವವನಿಗೂ ಖಾಕಿ, ಲೈಟು ರಿಪೇರಿಯವನಿಗೂ ಖಾಕಿ.) ಅವನ ಕಾಲ ಬಳಿ ಗೋಣಿತಾಟು ಸುತ್ತಿ ಹೊಲಿದ ಒಂದು ದೊಡ್ಡ ಪೆಟ್ಟಿಗೆ. ಒಂದು ಮೂಲೆಯಲ್ಲಿ ಗೋಣಿ ಹರಿದು ಒಳಗಿನ ಕಪ್ಪು ತಗಡು ಕಾಣುತ್ತಿತ್ತು. ತಗಡಿನ ಮೇಲೆ ಬಿಳಿ ಬಣ್ಣದ ಎರಡು ಇಂಗ್ಲಿಷ್ ಅಕ್ಷರ.

ಆ ಟ್ರಂಕು ನನಗೆ ಗೊತ್ತಿತ್ತು. ಮದುವೆಯ ರಜ ಮುಗಿಸಿ ಗುರುರಾಜ ಹೊರಟಾಗ ಅದನ್ನು ಜಟಕಾಕ್ಕೆ ಏರಿಸಿದವರಲ್ಲಿ ನಮ್ಮ ಯಜಮಾನರೂ ಒಬ್ಬರು.

ಟ್ರಂಕು ಬಂದಿದೆ. ಟ್ರಂಕಿನವನು?

“ಯಾರಪ್ಪ ಕಳಿಸಿರೋದು?” ಎಂದೆ.

“ನಂಗೇನು ಗೊತ್ತಮ್ಮ. ರೈಲಲ್ಲಿ ಬಂದಿರೋ ಮಾಲು. ಮಿಲಿಟ್ರಿದು ಅಂತ ಮೊಹರು ಹಾಕವ್ರೆ, ಕಳಿಸಿದೋರ ಹೆಸರು ಅಳಿಸೋಗಿದೆ. ನಾನು ಪಾರ್ಸೆಲ್ ಅಂದೆ ಅಷ್ಟೆ. ಆಯಮ್ಮ ಇದ್ನ ನೋಡಿದ್ರು, ಬಾಗ್ಲು ಹಾಕ್ಕೊಂಡ್ರು. ನಾನೇನ್ ಮಾಡ್ದೆ?”

ಅವನು ಏನೂ ಮಾಡಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅವನ ಮೇಲೆ ನನಗೆ ಸಿಟ್ಟು ಬಂತು. ಬೆಳಿಗ್ಗೆ ತರಬಾರದಿತ್ತೇ? ರಾಯರು ಮನೆಯಲ್ಲಿರುವಾಗ ತರಬಾರದಿತ್ತೇ?

ಕಿಟಕಿಯ ಹತ್ತಿರ ಹೋಗಿ, “ಪದ್ಮ, ನಾನು ಕಣೇ, ಬಾಗಿಲು ತೆಗಿ” ಎಂದೆ.

ಒಳಗೆ ದೀಪ ಹಾಕಿರಲಿಲ್ಲ. ಕತ್ತಲಿನಿಂದ ಅವಳ ಧ್ವನಿ ಬಂತು. ಅಳು ಇರಲಿಲ್ಲ ಅದರಲ್ಲಿ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾದದ್ದು.

“ಅಕ್ಕ, ಅದನ್ನ ವಾಪಸ್ ಕಳಿಸಿಬಿಡಿ.”

“ವಾಪಸ್ ಎಲ್ಲಿಗೇ ಕಳಿಸೋದು? ಏನು ಅಂತ ನೋಡೋಣ ಬಾ.”

“ವಿಲ್ಸನ್ ಗಾರ್ಡನ್ನಿನ ನನ್ನ ಸ್ನೇಹಿತೆ ಲೀಲಾ ಮನೆಗೂ ಹೀಗೇ ಬಂತು. ಅವಳ ಅಣ್ಣ ಗಡೀಲಿ ತೀರಿಹೋದ ಮೇಲೆ ಅವನ ಟ್ರಂಕು ಕಳಿಸಿದ್ರು. ಹೀಗೇ ಗೋಣೀಲಿ ಹೊಲಿದು.”

“ಅವರಿಗೆ ಮೊದಲು ತಂತಿ ಬಂದಿತ್ತಲ್ಲೇ. ನಿನಗೆ ತಂತಿ ಬಂದಿದೆಯಾ?”

“ತಂತಿ ತಪ್ಪಿ ಬೇರೆ ಕಡೆ ಹೋಗಿದ್ರೆ?”

ಹಾಗೆ ಆಗುವುದೇ ಇಲ್ಲ ಎನ್ನುವ ಹಾಗಿರಲಿಲ್ಲ. ಹೊಸ ಬಡಾವಣೆ, ಹೊಸ ನಂಬರು. ಪಕ್ಕದ ಕ್ರಾಸಿನವರ ಮದುವೆ ಕಾಗದವೇ ನಮ್ಮ ಮನೆಗೆ ಬಂದು ಬಿದ್ದಿರುತ್ತದೆ.

ವ್ಯಾನಿನವನು ನಿಧಾನವಾಗಿ ಕೇಳಿದ. “ಅಮ್ಮ, ನಾನಿನ್ನೂ ಬನಶಂಕರಿ ಕಡೆ ಹೋಗ್ಬೇಕು. ನೀವು ಸೈನ್ ಹಾಕ್ತೀರಾ, ಇಲ್ಲ ತಗೊಂಡೋಗ್ಲಾ?”

“ಸೈನ್ ಮಾಡ್ಬೇಡಿ ಅಕ್ಕ” ಎಂದಳು ಪದ್ಮ ಕಿಟಕಿಯಿಂದ. “ಮಾಡಿದ್ರೆ ಬಂದ ಹಾಗೆ.”

ಪೆನ್ನು ಹಿಡಿದು ನಿಂತೆ. ವಾಪಸ್ ಕಳಿಸಿದರೆ ಟ್ರಂಕು ಗೋಡೌನಿಗೆ ಹೋಗುತ್ತದೆ. ಅದರೊಳಗೆ ಏನಿದೆ ಎಂಬ ಯೋಚನೆ ಮಾತ್ರ ಇಲ್ಲೇ, ಈ ಹುಡುಗಿಯ ಹತ್ತಿರವೇ ಉಳಿಯುತ್ತದೆ. ಸೈನ್ ಹಾಕಿದೆ. ಅವನು ಟ್ರಂಕನ್ನು ಜಗಲಿಯ ಗೋಡೆಗೆ ಒತ್ತಿಟ್ಟು ಹೋದ. ವ್ಯಾನಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು.

ಸ್ವಲ್ಪ ಹೊತ್ತಿಗೆ ಅಗುಳಿ ತೆಗೆದ ಸದ್ದಾಯಿತು. ಪದ್ಮ ಹೊರಗೆ ಬಂದು ಟ್ರಂಕಿನಿಂದ ದೂರದ ಮೂಲೆಯಲ್ಲಿ ಕುಳಿತಳು. ಪಕ್ಕದಲ್ಲಿ ನಾನು. ಬಿಚ್ಚೋಣವೇ ಎಂದರೆ, ಮಾವ ಬರಲಿ ಎಂದಳು. ಅವರಿಲ್ಲದೆ ಅದನ್ನು ಮುಟ್ಟುವುದಿಲ್ಲ ಎಂದಳು.

ಕಾಯುವುದು ಎಂದರೆ ಏನೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಬಸ್‌ಸ್ಟಾಪಿನಲ್ಲಿ ಕಾದಿದ್ದೇನೆ, ಆಸ್ಪತ್ರೆಯಲ್ಲಿ ಕಾದಿದ್ದೇನೆ. ಗೋಣಿ ಹೊಲಿದ ಪೆಟ್ಟಿಗೆಯೊಂದನ್ನು ಎದುರಿಗಿಟ್ಟುಕೊಂಡು ಕಾದಿರಲಿಲ್ಲ. ಅವಳ ಕೈ ಹಿಡಿದುಕೊಂಡೆ. ಎದುರು ಮನೆಯಲ್ಲಿ ನಂಜುಂಡಯ್ಯನವರ ರೇಡಿಯೋ ವಾರ್ತೆ ಶುರುವಾಯಿತು. ನಮ್ಮ ಯಜಮಾನರು ಆಗತಾನೆ ಆಫೀಸಿನಿಂದ ಬಂದಿದ್ದರು. ಟ್ರಂಕು ನೋಡಿದರು, ನಮ್ಮನ್ನು ನೋಡಿದರು, ರಸ್ತೆ ದಾಟಿ ಹೋಗಿ ಅವರಿಗೇನೋ ಹೇಳಿದರು. ರೇಡಿಯೋ ನಿಂತಿತು.

ರಾಯರು ಕೊನೆಗೂ ಬಂದರು. ಗೇಟು ತೆರೆದ ಕೈ ಗೇಟಿನ ಮೇಲೇ ಉಳಿಯಿತು. ಮಗನ ಟ್ರಂಕು ಕಣ್ಣಿಗೆ ಬಿದ್ದಿತ್ತು. ಕೊಡೆಯನ್ನು ಗೋಡೆಗೆ ಒರಗಿಸಿ, ಟೋಪಿ ತೆಗೆದು, “ಪದ್ಮ, ಲೈಟ್ ಹಾಕಮ್ಮ” ಎಂದರು. ಅಷ್ಟೇ.

ಗೋಣಿಯ ಹೊಲಿಗೆಯನ್ನು ನಮ್ಮ ಯಜಮಾನರು ಬ್ಲೇಡಿನಿಂದ ಬಿಚ್ಚಿದರು. ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲ. ಗುಂಡುಕಲ್ಲಿನಿಂದ ಬೀಗ ಒಡೆದರು. ಒಂದೊಂದು ಏಟಿಗೂ ಪದ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮುಚ್ಚಳ ತೆಗೆದವರು ರಾಯರೇ.

ಮೇಲೆ ಮದುವೆಯ ಪಂಚೆ. ಅದರ ಕೆಳಗೆ ಎರಡು ಷರಟು, ಒಂದು ಸ್ವೆಟರು. ಸ್ವೆಟರು ಕಂಡು ಪದ್ಮ ಸಣ್ಣಗೆ ನರಳಿದಳು. ಅವಳೇ ಹೆಣೆದದ್ದು. ಅಂಥ ಚಳಿಯ ನಾಡಿನಿಂದ ಸ್ವೆಟರು ಯಾಕೆ ವಾಪಸು ಬಂತು?

ರಾಯರು ಒಂದೊಂದನ್ನೇ ತೆಗೆದು ಚಾಪೆಯ ಮೇಲಿಟ್ಟರು. ತಳದಲ್ಲಿ ಒಂದು ಜೊತೆ ಕಪ್ಪು ಷೂ. ಒಂದನ್ನು ಎತ್ತಿದರು, ಅದರಿಂದ ಏನೋ ಉರುಳಿ ನೆಲಕ್ಕೆ ಬಿತ್ತು. ಅಕ್ರೋಟು. ಇನ್ನೊಂದು ಷೂ ಬಗ್ಗಿಸಿದರು. ಅದರ ತುಂಬ ಬಾದಾಮಿ, ಒಂದು ಕಾಲುಚೀಲದಲ್ಲಿ ಕಟ್ಟಿದ್ದು.

ರಾಯರು ಆ ಷೂ ಹಿಡಿದುಕೊಂಡೇ ಕುಳಿತರು. “ಇದು ಅವನೇ ಕಟ್ಟಿರೋ ಪೆಟ್ಟಿಗೆ” ಎಂದರು. “ಚಿಕ್ಕ ಹುಡುಗ ಆಗಿದ್ದಾಗಿಂದ ಹಿಂಗೇ. ಅಜ್ಜಿ ಮನೆಯಿಂದ ಬರೋವಾಗ ಷೂ ಒಳಗೆ ಹುಣಿಸೆಹಣ್ಣು ತುಂಬ್ಕೊಂಡು ಬರೋನು. ಪಲ್ಟನ್ನಿನವರು ಕಟ್ಟಿದ್ರೆ ಬಸುರಿ ಹೆಂಡ್ತಿಗೆ ಬಾದಾಮಿ ಕಟ್ತಾರಾ? ಅವನೇ ಕಟ್ಟಿದಾನೆ ಕಣಮ್ಮ.”

ಪದ್ಮ ಆಗ ಅತ್ತಳು. ಅತ್ತು ಮುಗಿಸಿ, “ಯಾವತ್ತು ಕಟ್ಟಿದ್ದು ಮಾವ?” ಎಂದಳು.

ರಾಯರು ನೆಲಕ್ಕೆ ಬಿದ್ದ ಅಕ್ರೋಟು ಹೆಕ್ಕತೊಡಗಿದರು. ರೈಲಿನಲ್ಲಿ ಟ್ರಂಕು ಎಷ್ಟು ದಿನ ಬಂದಿತೋ, ಯಾವ ಸ್ಟೇಷನ್ನಿನಲ್ಲಿ ಎಷ್ಟು ದಿನ ಬಿದ್ದಿತ್ತೋ, ಯಾರಿಗೆ ಗೊತ್ತು? ಕಟ್ಟುವಾಗ ಅವನು ಚೆನ್ನಾಗಿದ್ದ. ಆಮೇಲೆ?

ಮಾರನೆಯ ಬೆಳಿಗ್ಗೆ ನಾನು ಮೊದಲು ಹೋದದ್ದು ನಂಜುಂಡಯ್ಯನವರ ಮನೆಗೆ. ಕಂಪನಿಗೆ ಒಂದು ಅರ್ಜಿ ಬರೆಯೋಣ, ಸಂಜೆ ಮೇಲೆ ಈ ಕಡೆ ವ್ಯಾನು ಬರಕೂಡದು, ನಾನೇ ಬರೆದುಕೊಡುತ್ತೇನೆ ಎಂದೆ. ಅವರು ಗೆದ್ದ ಮುಖ ಮಾಡಲಿಲ್ಲ. (ಮಾಡಿದ್ದರೆ ಅರ್ಜಿಯ ಮಾತು ಅಲ್ಲಿಗೇ ಮುಗಿಯುತ್ತಿತ್ತು.) “ಬರೀಮ್ಮ, ಎಲ್ಲರ ಹತ್ರ ನಾನು ಸೈನ್ ಹಾಕಿಸ್ತೀನಿ” ಎಂದರು. ಬರೆದೆ. ಖಾರವಾಗಿಯೇ ಬರೆದೆ. ರಸ್ತೆಯವರೆಲ್ಲ ಒಬ್ಬೊಬ್ಬರಾಗಿ ಸೈನ್ ಹಾಕಿದರು. ಪದ್ಮಳ ಸೈನ್ ಒಂದು ಬಾಕಿ ಇತ್ತು. ಅವಳಿಗಾಗಿಯೇ ಬರೆದದ್ದು, ಅವಳ ಸೈನ್ ಕೊನೆಯಲ್ಲಿ ಹಾಕಿಸೋಣ ಎಂದುಕೊಂಡೆ.

ಆ ದಿನಗಳಲ್ಲಿ ಬೆಳಿಗ್ಗೆ ಸ್ಕೂಲಿಗೆ ಹೊರಡುವಾಗ ಅವಳು ಗೇಟಿನಲ್ಲಿ ನಿಂತಿರುತ್ತಿದ್ದಳು. ಸಂಜೆ ಬರುವಾಗಲೂ ಅಲ್ಲೇ. ನಡುವೆ ಅವಳು ಏನು ಮಾಡುತ್ತಿದ್ದಳು ಎಂದು ನಾನು ಕೇಳಲಿಲ್ಲ. ಹೋಗುವಾಗ ‘ತಿಂಡಿ ಆಯ್ತಾ’, ಬರುವಾಗ ‘ಕಾಫಿ ಆಯ್ತಾ’. ಅಷ್ಟರಲ್ಲೇ ನಮ್ಮ ನೆರೆಹೊರೆ ಮುಗಿಯುತ್ತಿತ್ತು.

ಒಂದು ಸಂಜೆ ನಾನು ಬಸ್ಸಿಳಿದು ಬರುವಾಗ ಅವಳು ಗೇಟಿನಲ್ಲಿರಲಿಲ್ಲ. ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಕೈಯಲ್ಲಿ ಒಂದು ಕವರು. ಒಡೆದಿರಲಿಲ್ಲ.

“ಯಾವಾಗ ಬಂತೇ?”

“ಮಧ್ಯಾಹ್ನ, ಊಟದ ಹೊತ್ತಿಗೆ. ಪೋಸ್ಟ್‌ಮ್ಯಾನ್ ಕೊಟ್ಟು ಹೋದ್ರು.”

“ಮತ್ತೆ ಇಷ್ಟು ಹೊತ್ತು ಒಡೀದೆ ಯಾಕೆ ಇಟ್ಕೊಂಡೆ?”

“ಅವರ ಅಕ್ಷರ ಅಲ್ಲ ಅಕ್ಕ ಮೇಲೆ. ಬೇರೆ ಯಾರೋ ಬರ್ದಿದಾರೆ. ಒಬ್ಬಳೇ ಒಡೆಯೋಕೆ ಧೈರ್ಯ ಬರ್ಲಿಲ್ಲ. ಇಡೀ ರಸ್ತೇಲಿ ಯಾರೂ ಇರ್ಲಿಲ್ಲ. ಊಟಾನೂ ಮಾಡ್ಲಿಲ್ಲ.”

ಚೀಲ ಕೆಳಗಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಒಡೆದೆ. ಕವರಿನ ಮೇಲೆ ವಿಳಾಸ ಬರೆದವನು ಯಾರೋ ಜೊತೆಯವನು. ಒಳಗಿನ ಕಾಗದ ಗುರುರಾಜನದೇ, ಅಕ್ಷರ ಮಾತ್ರ ಸೊಟ್ಟಸೊಟ್ಟ. ಹೆಬ್ಬೆರಳಿಗೆ ಪೆಟ್ಟಾಗಿದೆಯಂತೆ, ಭಯಪಡುವಂಥದ್ದೇನಲ್ಲ. ಅವರ ತುಕಡಿಯನ್ನು ಬೇರೆ ಕಡೆಗೆ ಸಾಗಿಸಿದ್ದಾರಂತೆ. ಸ್ವಂತ ಸಾಮಾನು ಜೊತೆಗೆ ಒಯ್ಯುವ ಹಾಗಿರಲಿಲ್ಲ, ಟ್ರಂಕನ್ನು ಮನೆಗೆ ಕಳಿಸಿದ್ದೇನೆ, ಬಂತೇ? ಸೈನ್ಯದವರೇ ದಪ್ಪ ಉಣ್ಣೆ ಕೋಟು ಕೊಟ್ಟಿದ್ದಾರೆ, ಸ್ವೆಟರಿಗಾಗಿ ಬೇಜಾರು ಮಾಡಿಕೊಳ್ಳಬೇಡ. ಬಾದಾಮಿ ನೆನೆಹಾಕಿ ತಿನ್ನು.

ನಾನು ಎರಡು ಸಲ ಗಟ್ಟಿಯಾಗಿ ಓದಿದೆ. ಮೂರನೆಯ ಸಲ ಅವಳೇ ಓದಿಕೊಂಡಳು. ಆಮೇಲೆ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಬಿಸಿ ಅನ್ನ, ಸಾರು ಬಡಿಸಿದೆ. ಊಟ ಮುಗಿದ ಮೇಲೆ ಕಪಾಟಿನಿಂದ ಅರ್ಜಿ ತೆಗೆದು ಮುಂದಿಟ್ಟೆ.

ಅವಳು ಪೂರ್ತಿ ಓದಿದಳು. ಮಡಿಸಿ ನನ್ನ ಕಡೆಗೇ ತಳ್ಳಿದಳು.

“ಬೇಡ ಅಕ್ಕ.”

“ಯಾಕೇ? ಆವತ್ತು ನಿನ್ನ ಸ್ಥಿತಿ ನೋಡಿದೀನಿ ನಾನು.”

“ಆವತ್ತು ನೀವಿದ್ರಿ. ನಿಮ್ಮ ಯಜಮಾನರು ಬೀಗ ಒಡೆದ್ರು. ಮಾವ ಬಂದ್ರು. ಎದುರು ಮನೆಯವರು ರೇಡಿಯೋ ಕೂಡ ನಿಲ್ಲಿಸಿದ್ರು. ಇವತ್ತು ಮಧ್ಯಾಹ್ನ ಯಾರಿದ್ರು?” ಎಂದಳು. ದೂರುವ ಧ್ವನಿಯಲ್ಲ, ಇದ್ದುದನ್ನು ಹೇಳುವ ಧ್ವನಿ. “ಒಳ್ಳೇದೋ ಕೆಟ್ಟದ್ದೋ, ಬರೋದು ಸಂಜೇನೇ ಬರ್ಲಿ ಅಕ್ಕ. ಸಂಜೆ ಜನ ಇರ್ತಾರೆ.”

ಅರ್ಜಿ ಕಳಿಸಲಿಲ್ಲ. ನಂಜುಂಡಯ್ಯನವರಿಗೆ ವಿಷಯ ಹೇಳಿದೆ. ಅವರು, “ನಾನು ಹಗಲೆಲ್ಲ ಮನೇಲೇ ಇರ್ತೀನಲ್ಲಮ್ಮ, ಆ ಹುಡುಗಿ ನಮ್ಮ ಬಾಗಿಲು ಯಾಕೆ ತಟ್ಟಲಿಲ್ಲ?” ಎಂದು ಕೇಳಿದರು. ಅದನ್ನು ಅವರು ನನ್ನನ್ನು ಕೇಳಿದರೋ ತಮ್ಮನ್ನೇ ಕೇಳಿಕೊಂಡರೋ ತಿಳಿಯಲಿಲ್ಲ. ಈಗ ಅವರ ಮನೆಯಾಕೆ ಮಧ್ಯಾಹ್ನ ಅಕ್ಕಿ ಆರಿಸುವ ಮೊರ ತೆಗೆದುಕೊಂಡು ಪದ್ಮಳ ಮನೆಗೇ ಹೋಗುತ್ತಾರೆ.

ವ್ಯಾನು ಸಂಜೆ ಬರುತ್ತಲೇ ಇದೆ. ಗೇಟಿನ ಸದ್ದಿಗೆ ಪದ್ಮ ಈಗಲೂ ಬೆಚ್ಚುತ್ತಾಳೆ, ಅವಳ ಜೊತೆಗೆ ನಾನೂ. ಗಡಿಯ ವಾರ್ತೆಯೂ ಇನ್ನೂ ಮುಗಿದಿಲ್ಲ.

ಪಾರ್ಸೆಲ್ ಯಾವ ಹೊತ್ತಿಗೆ ಬರಬೇಕೆಂದು ರಸ್ತೆಗೆ ರಸ್ತೆಯೇ ಕೂತು ಚರ್ಚೆ ಮಾಡಿದೆವಲ್ಲ, ಪಕ್ಕದ ಮನೆಗೆ ನಾವು ಯಾವ ಹೊತ್ತಿಗೆ ಹೋಗಬೇಕೆಂದು ಯಾರಾದರೂ ಕೇಳಿದೆವೇ?