ನೀರಿನ ಮೇಲೆ ಮಾತಾಡದ ಬರಮಪ್ಪ

ದಂಡೆಯ ಮೇಲಿದ್ದಾಗ ಅಂಬಿಗರ ಬರಮಪ್ಪನ ಬಾಯಿ ಮುಚ್ಚಿಸುವ ಗಂಡಸು ನಮ್ಮ ಸೀಮೆಯಲ್ಲಿ ಹುಟ್ಟಿರಲಿಲ್ಲ. ದೋಣಿಗೆ ಕಾಯುತ್ತ ಕುಳಿತವರ ಎಮ್ಮೆಯಿಂದ ಹಿಡಿದು ಅವರ ಬೀಗರ ಮೂಗಿನ ತನಕ ಎಲ್ಲವನ್ನೂ ಆಡಿಕೊಂಡು ನಗಿಸುತ್ತಿದ್ದ. ಆದರೆ ಗಳ ಊರಿ ದೋಣಿಯನ್ನು ಒಮ್ಮೆ ನೂಕಿದನೋ, ಮುಗಿಯಿತು. ಆಚೆ ದಂಡೆ ಮುಟ್ಟುವ ತನಕ ಒಂದು ಶಬ್ದವಿಲ್ಲ. ಕೇಳಿದ್ದಕ್ಕೆ ಉತ್ತರವಿಲ್ಲ, ಕೆಮ್ಮು ಬಂದರೂ ಟಾವೆಲ್ಲನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದ.

ತೊಂಬತ್ತರ ದಶಕದ ನಡುವೆ ನನಗೆ ಮಲಪ್ರಭೆಯ ಹಿನ್ನೀರಿನ ಆಚೆಗಿದ್ದ ಒಂದು ಹಳ್ಳಿಯ ಸಾಲೆಯಲ್ಲಿ ನೌಕರಿ ಸಿಕ್ಕಿತು. ನಮ್ಮೂರು ಈಚೆ ದಂಡೆಗೆ. ಬಸ್ಸಿನಲ್ಲಿ ಹೋಗಬೇಕೆಂದರೆ ಸವದತ್ತಿಗೆ ಹೋಗಿ, ಇನ್ನೊಂದು ಬಸ್ಸಿಗೆ ಕಾದು, ಸುತ್ತಿ ಬಳಸಿ ಅರ್ಧ ದಿನ. ದೋಣಿಯಲ್ಲಿ ಮುಕ್ಕಾಲು ತಾಸು. ಮೊದಲ ದಿನ ಹತ್ತಿದವಳೇ ನಾನು ನೀರು ಎಷ್ಟು ಆಳ, ಮೊಸಳೆ ಇವೆಯೇ, ದೋಣಿ ಎಷ್ಟು ಹಳೆಯದು ಎಂದು ಬಡಬಡಿಸತೊಡಗಿದೆ. ಅವನು ಕಲ್ಲಿನ ಹಾಗೆ ನಿಂತು ಹುಟ್ಟು ಹಾಕುತ್ತಿದ್ದ. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿರುವಂಥದ್ದು, ನೆತ್ತಿಗೇರಿತು. ಇಳಿದ ಮೇಲೆ ಅಂಗೈಯಲ್ಲಿ ತಂಬಾಕು ತಿಕ್ಕುತ್ತ, ಏನೂ ಆಗಿಲ್ಲದವನಂತೆ ಹೇಳಿದ: “ಅಕ್ಕೋರ, ನೀವು ಹುಡುಗೂರಿಗೆ ಓದಾಕ ಕಲಸ್ರಿ. ನಾ ನಿಮಗ ಸುಮ್ಮ ಕುಂಡ್ರಾಕ ಕಲಸ್ತೇನಿ.”

ಕಲಿಸಿದ. ಶನಿವಾರ ಮುಂಜಾನೆಯ ಸಾಲೆ. ಬಿಟ್ಟ ಮೇಲೆ ಅವನು ನೇರ ನಮ್ಮೂರಿಗೆ ಬರುತ್ತಿರಲಿಲ್ಲ. ಹಿನ್ನೀರು ಹೊಲಗಳೊಳಗೆ ಚಾಚಿಕೊಂಡಿದ್ದ ಸಂದಿಗೊಂದಿಗಳಲ್ಲಿ ಹೊಕ್ಕು, ಅಲ್ಲಿಷ್ಟು ಬಲೆ ಎತ್ತಿ, ಇಲ್ಲೊಂದು ಚೀಲ ಇಳಿಸಿ, ದಂಡೆಯ ಊರುಗಳನ್ನೆಲ್ಲ ಮುಟ್ಟಿಕೊಂಡು ಸಂಜೆಗೆ ತಲುಪಿಸುತ್ತಿದ್ದ. ಆ ಅರ್ಧ ದಿನ ನನಗೆ ಹಬ್ಬ. ಮುಳುಗಿದ ಜಾಲಿಗಿಡಗಳ ತುದಿಯಲ್ಲಿ ಕೊಕ್ಕರೆ ಕೂತಿರುತ್ತಿದ್ದವು. ಅರಿವೆ ಒಗೆಯುವ ಹೆಂಗಸರು ಕೈ ಎತ್ತಿ ಮಾತಾಡಿಸಿದರೆ ಅವನು ತಲೆ ಮಾತ್ರ ಆಡಿಸುತ್ತಿದ್ದ. ನಾನು ಬುತ್ತಿ ಬಿಚ್ಚಿ ಅವನಿಗೆರಡು ರೊಟ್ಟಿ ಕೊಟ್ಟು, ನನ್ನವನ್ನು ತಿಂದು, ನೀರು ನೋಡುತ್ತ ಕುಳಿತಿರುತ್ತಿದ್ದೆ. ನಮ್ಮೂರ ದಂಡೆಯಲ್ಲಿ ನನ್ನ ತಮ್ಮ ಮಹಾಂತೇಶ ಚೀಲ ಹೊರಲು ಕಾದಿರುತ್ತಿದ್ದ. ಇಳಿದ ಕೂಡಲೇ ಬರಮಪ್ಪ ಅವನೊಂದಿಗೆ ತಮಾಷೆಗೆ ನಿಂತುಬಿಡುತ್ತಿದ್ದ, ಇಬ್ಬರನ್ನೂ ಬಿಡಿಸಿ ತಮ್ಮನನ್ನು ಮನೆಗೆ ಕರೆದೊಯ್ಯುವುದೇ ನನಗೊಂದು ಕೆಲಸ.

ನೀರಿನ ಮೇಲೆ ಯಾಕೆ ಮಾತಾಡುವುದಿಲ್ಲವೆಂದು ಕೇಳಿದರೆ ದಿನಕ್ಕೊಂದು ಕಾರಣ. ಮೀನಿಗೂ ಕಿವಿ ಇರುತ್ತವೆ ಎನ್ನುತ್ತಿದ್ದ. ತೀರಿಕೊಂಡ ಹೆಂಡತಿ ಇಬ್ಬರ ಪಾಲಿನದೂ ಆಡಿ ಹೋಗಿದ್ದಾಳೆ ಎನ್ನುತ್ತಿದ್ದ. ಒಂದು ಸಲ ಮಾತ್ರ ನಗದೆ ಹೇಳಿದ: “ಮುಣಗಾವ ಒಮ್ಮೆ ಅಷ್ಟ ಒದರತಾನ್ರಿ. ನಾ ಹರಟಿಗೆ ಕುಂತ್ರ ಕೇಳಸೂದಿಲ್ಲ.” ಹಿನ್ನೀರಿನಲ್ಲಿ ಯಾರೇ ಮುಳುಗಲಿ, ಎರಡೂ ದಂಡೆಯ ಊರುಗಳವರು ಮೊದಲು ಬರುತ್ತಿದ್ದದ್ದು ಇವನ ಗುಡಿಸಲಿಗೆ. ನೀರು ಎಲ್ಲಿ ತಿರುಗುತ್ತದೆ, ಹೊತ್ತು ತಂದದ್ದನ್ನು ಎಲ್ಲಿ ಬಿಡುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಹೆಣ ಹುಡುಕಿಕೊಟ್ಟ ಮನೆಯಲ್ಲಿ ಅವನು ಒಂದು ಕಪ್ ಚಹಾ ಸಹ ಕುಡಿಯುತ್ತಿರಲಿಲ್ಲ.

ನಾನು ನೌಕರಿ ಸೇರಿದ ನಾಲ್ಕನೆಯ ಮಳೆಗಾಲ. ಹೊಳೆ ಹುಟ್ಟುವ ಖಾನಾಪುರದ ಕಡೆ ಮಳೆ ಹಿಡಿದರೆ ನಮ್ಮಲ್ಲಿ ಹನಿ ಬೀಳದಿದ್ದರೂ ಹೊಳೆ ಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿದ ಹಾಗೆಲ್ಲ ದಂಡೆಯ ಕೆಳಕ್ಕೆ ಇಳಿಸುತ್ತ ಹೋದ, ಹೊಲಕ್ಕೆ ನೀರೆತ್ತುವ ಪಂಪುಗಳನ್ನು ಹೊಸ ನೀರು ಬರುವ ಮೊದಲೇ ಮೇಲಕ್ಕೆ ಎಳೆದುಕೊಳ್ಳಬೇಕು. ಆ ದಿನ ಬೆಳಗಾಗುವುದರೊಳಗೆ ನೀರು ಏರಿತ್ತು. ಮಹಾಂತೇಶ ಒಬ್ಬನೇ ಓಡಿಹೋಗಿ ಎಂಜಿನ್ನಿಗೆ ಹಗ್ಗ ಕಟ್ಟುತ್ತಿದ್ದನಂತೆ, ದಂಡೆ ಕುಸಿಯಿತು. ಪಕ್ಕದ ಹೊಲದವರು ಕೈ ಒಮ್ಮೆ ಕಂಡಿತು ಎಂದರು. ಅವನಿಗೆ ಇಪ್ಪತ್ತಮೂರು. ಅಪ್ಪ ತೀರಿಹೋಗಿ ಹತ್ತು ವರ್ಷವಾಗಿತ್ತು, ಅವ್ವನಿಗೆ ನಾವಿಬ್ಬರೇ ಮಕ್ಕಳು.

ಬರಮಪ್ಪ ದೋಣಿ ತಂದಾಗ, ಸಾಲೆಗೆಂದು ಕೈಯಲ್ಲಿ ಹಿಡಿದಿದ್ದ ಬುತ್ತಿಯೊಂದಿಗೇ ನಾನೂ ಹತ್ತಿ ಕುಳಿತೆ. ಹೆಣ್ಣುಮಕ್ಕಳು ಬರಬಾರದೆಂದು ನಾಲ್ಕು ಜನ ಹೇಳಿದರು. ಅವನು ನನ್ನ ಮುಖ ನೋಡಿ ದೋಣಿ ನೂಕಿದ. ಆಮೇಲಿನದು ಆ ಶನಿವಾರಗಳದೇ ದಾರಿ: ಅದೇ ಸಂದಿಗಳು, ಅದೇ ಊರುಗಳು. ನೀರು ಮಾತ್ರ ಕೆಂಪಾಗಿತ್ತು. ಹೆಂಗಸರು ಒಗೆಯುವುದು ಬಿಟ್ಟು ಎದ್ದು ನಿಲ್ಲುತ್ತಿದ್ದರು, ಯಾರೂ ಕೈ ಎತ್ತಲಿಲ್ಲ. ನಾನು ಕೂಗಿ ಕರೆಯಲೆಂದು ಬಾಯಿ ತೆರೆದಾಗಲೆಲ್ಲ ಅವನು ಅಂಗೈ ತೋರಿಸಿ ತಡೆಯುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಒಂದು ಹಳ್ಳ ಬಂದು ಕೂಡುವಲ್ಲಿ, ನೊರೆ ಮತ್ತು ಕಸ ಸೇರಿದ ಜಾಲಿಮುಳ್ಳಿನಲ್ಲಿ ನನ್ನ ತಮ್ಮ ಸಿಕ್ಕ. ಬೋರಲಾಗಿದ್ದ. ಬರಮಪ್ಪ ನೀರಿಗಿಳಿದು ಮುಳ್ಳು ಬಿಡಿಸಿ, ನಾನೊಂದು ಕೈ ಹಿಡಿಯಲು, ದೋಣಿಗೆ ಎಳೆದುಕೊಂಡ. ಎದೆಗೆ ಕಿವಿ ಇಟ್ಟ, ಮೂಗಿನ ಹತ್ತಿರ ಬೆರಳು ಹಿಡಿದ. ನಾನೂ ಹಿಡಿದೆ. ಏನೂ ಇರಲಿಲ್ಲ. ತಣ್ಣಗಾಗಿದ್ದ, ಕತ್ತು ಆಗಲೇ ಬಿಗಿಯತೊಡಗಿತ್ತು.

ಬೇಗ ಮನೆಗೆ ನಡಿ ಎಂದೆ. ಅವನು ನಡೆಯಲಿಲ್ಲ. ನನ್ನನ್ನು ಭುಜ ಹಿಡಿದು ಆ ಕಡೆ ತಿರುಗಿಸಿ ಕೂಡಿಸಿದ. ಬೆನ್ನ ಹಿಂದೆ ಕೀಲು ಲಟಕ್ಕೆಂದ ಸದ್ದು. ತಿರುಗಿ ನೋಡಿದರೆ ನನ್ನ ತಮ್ಮನ ತೊಡೆಯ ಮೇಲೆ ಮೊಣಕಾಲೂರಿ ಅವನ ಕಾಲು ಮಡಚುತ್ತಿದ್ದಾನೆ. ನಾನು ಹುಚ್ಚಿಯಾದೆ. ಕೈಗೆ ಸಿಕ್ಕ ಬುತ್ತಿಯ ಡಬ್ಬಿಯಿಂದ ಅವನ ತಲೆಗೆ, ಬೆನ್ನಿಗೆ ಬಡಿದೆ. ಹುಬ್ಬು ಒಡೆದು ರಕ್ತ ಬಂತು. ತಡೆಯಲಿಲ್ಲ, ಮಾತಾಡಲಿಲ್ಲ, ಒರೆಸಿಕೊಂಡು ಇನ್ನೊಂದು ಕಾಲನ್ನೂ ಮಡಚಿ, ಚಕ್ಕಳಮಕ್ಕಳ ಹಾಕಿಸಿ, ಟಾವೆಲ್ಲಿನಿಂದ ಸೊಂಟಕ್ಕೂ ಮೊಣಕಾಲಿಗೂ ಕಟ್ಟಿದ. ಬಾಯಿ ತೆರೆಯದಿರಲೆಂದು ತನ್ನ ರುಮಾಲನ್ನು ಬಿಚ್ಚಿ ಗದ್ದದ ಕೆಳಗಿಂದ ತಲೆಗೆ ಸುತ್ತಿದ. ಹಲಗೆಗೆ ಒರಗಿಸಿದರೂ ಹೆಣ ವಾಲುತ್ತಿತ್ತು. ನನಗೆ ಸನ್ನೆ ಮಾಡಿದ. ನಾನು ತಮ್ಮನ ಪಕ್ಕ ಕುಳಿತು ಅವನ ಹೆಗಲ ಮೇಲೆ ಕೈ ಹಾಕಿ ಹಿಡಿದುಕೊಂಡೆ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂಡಿಸಿ ಮಣ್ಣು ಕೊಡುತ್ತಾರೆ. ಅವನು ಯಾಕೆ ಹಾಗೆ ಮಾಡಿದನೆಂಬುದು ನನಗೆ ಹೊಳೆದದ್ದು ದೋಣಿ ಅರ್ಧ ದಾರಿಗೆ ಬಂದ ಮೇಲೆ. ಮುಂದೆಂದೋ ಅವನ ಬಾಯಿಂದಲೇ ಕೇಳಿದೆ: “ಮೈ ಬಿಗದ ಮ್ಯಾಲ ಕಾಲ ಮಡಚೂದಿಲ್ರಿ. ಮನ್ಯಾಗ ಎಲ್ಲಾರ ಮುಂದ ಮುರೀತಾರ. ಒಂದ ಊರಾಗ ತಾಯಿ ಮುಂದ ಮುರದದ್ದ ನಾ ನೋಡೀನಿ. ಅಂದಿನಿಂದ ನೀರಾಗಿಂದ ತಗದ ಕೂಡ್ಲೆ ಮಡಚಿಬಿಡತೇನಿ.” ಆ ನೋವು ನಮ್ಮವ್ವನಿಗೆ ಬೇಡವೆಂದು ಮಾಡಿದ್ದ. ಪುಣ್ಯಾತ್ಮ, ಅದಕ್ಕಿಂತ ದೊಡ್ಡದು ದಂಡೆಯಲ್ಲಿ ಕಾದಿದೆಯೆಂದು ಅವನಿಗೇನು ಗೊತ್ತು.

ಅವ್ವ ಮುಂಜಾನೆಯಿಂದ ನೀರಿನಂಚಿನಲ್ಲೇ ನಿಂತಿದ್ದಳು. ದೂರದಿಂದ ಆಕೆಗೆ ಕಂಡದ್ದು ಇಷ್ಟು: ದೋಣಿಯಲ್ಲಿ ಮಗ ಕುಳಿತಿದ್ದಾನೆ, ತಲೆಗೆ ರುಮಾಲು ಸುತ್ತಿದೆ, ಅಕ್ಕ ಹೆಗಲ ಮೇಲೆ ಕೈ ಹಾಕಿದ್ದಾಳೆ. “ಬಂದ, ನನ್ನ ಮಗ ಬಂದ. ಕುಂತಾನ ನೋಡ್ರಿ,” ಎಂದು ಸೊಂಟದ ತನಕ ನೀರಿಗೆ ನುಗ್ಗಿದಳು. ನೆರೆದವರೂ ನಂಬಿಬಿಟ್ಟರು. ಯಾರೋ ಮೈ ಕಾಯಿಸಲು ನೀರಿಡಿ ಎಂದು ಊರ ಕಡೆ ಓಡಿದರು. ಬರಮಪ್ಪ ಹುಟ್ಟು ಕೈಬಿಟ್ಟ. ನೀರಿನ ಮೇಲೆ ಅವನ ದನಿಯನ್ನು ನಾನು ಮೊದಲ ಸಲ ಕೇಳಿದೆ. ಇಲ್ಲ ಯವ್ವಾ, ಇಲ್ಲ, ಎಂದು ಒದರುತ್ತಿದ್ದ. ಎದುರುಗಾಳಿ. ದಂಡೆಯವರು ಅದನ್ನೂ ಖುಷಿಯ ಕೂಗೆಂದೇ ತಿಳಿದರು. ನಾನು ಹೆಗಲ ಮೇಲಿನ ಕೈ ತೆಗೆದಿದ್ದರೆ ಸಾಕಿತ್ತು, ತಮ್ಮ ಉರುಳುತ್ತಿದ್ದ, ಅವ್ವನಿಗೆ ತಿಳಿಯುತ್ತಿತ್ತು. ತೆಗೆಯಲಾಗಲಿಲ್ಲ. ಅವ್ವ ದೋಣಿಯ ಅಂಚು ಹಿಡಿದು ಮಗನ ಕೆನ್ನೆ ಮುಟ್ಟಿದಳು.

ಮಣ್ಣಾದ ಮೇಲೆ ಅವ್ವ ಒಂದೇ ಮಾತು ಹಿಡಿದಳು: ನನ್ನ ಮಗ ದೋಣಿಯಲ್ಲಿ ಜೀವಂತ ಇದ್ದ, ಕಣ್ಣಾರೆ ನೋಡಿದ್ದೇನೆ, ಬರಮ್ಯಾ ತಡಮಾಡಿ ಕೊಂದ. ನಾನು ನೂರು ಸಲ ತಿಳಿಸಿದೆ. ನೀನು ಕಣ್ಣು ಮುಚ್ಚಿಕೊಂಡು ಕುಳಿತಿದ್ದೆ, ನಿನಗೇನು ತಿಳಿದೀತು ಎನ್ನುತ್ತಿದ್ದಳು. ದೋಣಿ ದಂಡೆಗೆ ಹತ್ತಿದರೆ ಸಾಕು, ಹೋಗಿ ಬಾಯಿಗೆ ಬಂದಂತೆ ಬೈಯುವಳು. ಅಷ್ಟು ಮಾತಿನ ಮಲ್ಲ ಬರಮಪ್ಪ ದಂಡೆಯ ಮೇಲೂ ಮೂಕನಾದ. ತಲೆ ಬಗ್ಗಿಸಿ ಬೈಸಿಕೊಂಡು, ಆಕೆ ಹೋದ ಮೇಲೆ ಮುಂದಿನ ಕೆಲಸ ನೋಡುತ್ತಿದ್ದ. ನಾನು ಕ್ಷಮೆ ಕೇಳಲು ಹೋದರೆ, ಬೈದರೆ ಆಕೆಗೆ ಹಗುರಾಗುತ್ತದೆ, ಬಿಡಿ ಎಂದ. ಆಕೆಯ ಮಾತನ್ನು ಊರು ಅಷ್ಟಾಗಿ ನಂಬಿರಲಿಲ್ಲ. ಮಗ ಸತ್ತ ಸಂಕಟ ಎಂದು ಬಿಟ್ಟಿದ್ದರು.

ಐದಾರು ವರ್ಷವಾದ ಮೇಲೆ ಅವ್ವ ಹಾಸಿಗೆ ಹಿಡಿದಳು. ಊಟ ಬಿಟ್ಟಳು. ಮಗ ಸತ್ತಾಗಿನಿಂದ ಕಣ್ಣೀರು ಹಾಕದವಳು, ಈಗ ಮಾತನ್ನೂ ಬಿಟ್ಟಳು. ಒಂದು ದಿನ ಬರಮಪ್ಪನನ್ನು ಕರೆಸು ಎಂದಳು. ಬಂದ. ಹೊಸ್ತಿಲ ಹೊರಗೆ ಕುಳಿತ. ಅವ್ವ ಬೈಯಲಿಲ್ಲ. “ಖರೇ ಹೇಳು, ಬರಮಪ್ಪ. ನನ್ನ ಮಗ ದೋಣ್ಯಾಗ ಏನಂದ?”

ಅವನು ನನ್ನ ಕಡೆ ನೋಡಿದ. ನಿಮ್ಮ ಮಗ ಏನೂ ಅನ್ನಲಿಲ್ಲ, ಸತ್ತೇ ಹೋಗಿದ್ದ ಎಂದು ಹೇಳಿಬಿಡಲಿ ಎಂದು ನನ್ನ ಮನಸ್ಸು. ಅವನು ನೆಲ ನೋಡುತ್ತ ಹೇಳಿದ: “‘ಅವ್ವಗ ಹೇಳಬ್ಯಾಡ, ಅಂಜತಾಳ’ ಅಂದ, ಯವ್ವಾ.”

“ಮತ್ತ ನೀ ಯಾಕ ಲಗೂನ ತರಲಿಲ್ಲ?”

“ತಪ್ಪಾತು.”

ಅವ್ವ ಗೋಡೆಯ ಕಡೆ ತಿರುಗಿ ಅತ್ತಳು. ಸಂಜೆಯ ತನಕ ಅತ್ತಳು. ರಾತ್ರಿ ಅರ್ಧ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟರೆ ತಿಂದಳು. ಬರಮಪ್ಪ ಹೊರಡುವಾಗ ನಾನು ಅಂಗಳದಲ್ಲಿ ತಡೆದು ಜಗಳಕ್ಕೆ ನಿಂತೆ, ಇಲ್ಲದ್ದನ್ನು ಯಾಕೆ ಮೈಮೇಲೆ ಎಳೆದುಕೊಂಡೆ ಎಂದು. ಅವನು ಅಂದದ್ದು ಇಷ್ಟೇ: “ಆಕಿ ಇರೂತನಕ ನೀವು ಬಾಯಿ ಬಿಡಬ್ಯಾಡ್ರಿ, ಅಕ್ಕೋರ.”

ಬಿಡಲಿಲ್ಲ. ಅವ್ವ ಮತ್ತೆ ಎರಡು ವರ್ಷ ಬದುಕಿದಳು. ನೋಡಲು ಬಂದವರಿಗೆಲ್ಲ ಹೇಳಿದಳು: ಸಾಯುವಾಗಲೂ ನನ್ನ ಮಗನಿಗೆ ನನ್ನದೇ ಚಿಂತೆ, ಬರಮ್ಯಾ ತಾನೇ ಒಪ್ಪಿಕೊಂಡಿದ್ದಾನೆ. ಈಗ ಊರು ನಂಬಿತು. ಒಬ್ಬೊಬ್ಬರಾಗಿ ಅವನ ದೋಣಿ ಹತ್ತುವುದನ್ನು ಬಿಟ್ಟರು. ಆಚೆ ದಂಡೆಯ ಕುರುಬನೊಬ್ಬ ಮುಳುಗಿದಾಗ ಇವನಿಗೆ ಹೇಳಿಕಳಿಸಲಿಲ್ಲ. ಇವನೇ ಹೋದರೆ, ನಿನ್ನ ಕೈಗೆ ಕೊಡುವುದಿಲ್ಲವೆಂದು ಹಿಂದಕ್ಕೆ ಕಳಿಸಿದರು. ಹೆಣ ನಾಲ್ಕನೆಯ ದಿನ ತಾನೇ ತೇಲಿತು. ನಾನು ಆಗ ಈಚೆ ದಂಡೆಯ ಸಾಲೆಗೆ ವರ್ಗವಾಗಿ ಬಸ್ಸಿನಲ್ಲಿ ಓಡಾಡುತ್ತಿದ್ದೆ. ದೋಣಿ ಖಾಲಿ ನಿಂತಿರುವುದು ಕಾಣುತ್ತಿತ್ತು. ಊರ ನಡುವೆ ನಿಂತು ನಿಜ ಹೇಳಿದರೆ ಸಂಜೆಯೊಳಗೆ ಅವ್ವನ ಕಿವಿಗೆ ಬೀಳುತ್ತದೆ, ಆಕೆ ಮತ್ತೆ ಊಟ ಬಿಡುತ್ತಾಳೆ ಎಂದು ನುಂಗಿಕೊಂಡೆ. ಅದು ಹೇಡಿತನವೋ ಏನೋ, ಇವತ್ತಿಗೂ ನನಗೆ ತಿಳಿಯುವುದಿಲ್ಲ. ಒಂದು ದಿನ ದೋಣಿಯೂ ಕಾಣಲಿಲ್ಲ. ಮಗಳ ಊರು ಸಾಲಹಳ್ಳಿಗೆ ಹೋದನೆಂದರು.

ಅವ್ವನ ದಿನಕರ್ಮ ಮುಗಿದ ಮರುದಿನವೇ ಹೊರಟೆ. ಸವದತ್ತಿಗೆ ಬಂದು ರಾಮದುರ್ಗದ ಬಸ್ಸು ಹಿಡಿದು ಸಾಲಹಳ್ಳಿ ಮುಟ್ಟಿದಾಗ ಇಳಿಹೊತ್ತು. ಮನೆ ತೋರಿಸಿದವರೇ ಹೇಳಿದರು, ಬರಮಪ್ಪ ತೀರಿಕೊಂಡು ಎರಡು ತಿಂಗಳಾಯಿತು, ಜ್ವರ ಬಂದಿತ್ತು. ಅವ್ವನಿಗಿಂತ ಮೊದಲೇ ಹೋಗಿದ್ದ.

ಮಗಳು ಹತ್ತಿ ಬಿಡಿಸುತ್ತ ಕುಳಿತಿದ್ದಳು. ನಾನು ಇಂಥವಳೆಂದು ಹೇಳಿದ ಕೂಡಲೇ ಎದ್ದು ಸೆರಗು ಸರಿಮಾಡಿಕೊಂಡಳು, ಮುಖ ಮೇಲೆತ್ತಲಿಲ್ಲ. “ನಮ್ಮಪ್ಪನಿಂದ ನಿಮ್ಮ ಮನಿ ಹಾಳಾತು, ಅಕ್ಕೋರ. ಸಾಯೂಮುಂದೂ ಕೇಳಿದ್ನಿ, ಹೌದಂದ. ಕ್ಷಮಾ ಮಾಡ್ರಿ,” ಎಂದು ಕಾಲಿಗೆ ಬಗ್ಗಿದಳು.

ನಾನು ಅವಳ ಎರಡೂ ಕೈ ಹಿಡಿದು ಕೂಡಿಸಿಕೊಂಡು ಎಲ್ಲವನ್ನೂ ಹೇಳಿದೆ. ನೀರಿನಿಂದ ಎತ್ತಿದಾಗಲೇ ನನ್ನ ತಮ್ಮ ಸತ್ತಿದ್ದ, ದೋಣಿಯಲ್ಲಿ ಒಂದು ಮಾತೂ ಆಡಲಿಲ್ಲ, ನಾನು ಅಲ್ಲೇ ಇದ್ದೆ, ನನ್ನ ಕೈಯಾರೆ ಮುಟ್ಟಿ ನೋಡಿದ್ದೆ, ನಿನ್ನ ಅಪ್ಪ ನಮ್ಮವ್ವನಿಗಾಗಿ ಸುಳ್ಳು ಹೇಳಿದ ಎಂದೆ. ಎರಡೆರಡು ಸಲ ಹೇಳಿದೆ. ಅವಳು ತಲೆಯಾಡಿಸುತ್ತ ಕೇಳಿದಳು.

“ನಿಮ್ಮ ಮನಸ್ಸು ದೊಡ್ಡದರಿ. ಅದಕ್ಕ ಹಂಗ ಅಂತೀರಿ,” ಎಂದು ಕಣ್ಣೊರೆಸಿಕೊಂಡು, ಚಹಾಕ್ಕಿಡಲು ಒಳಗೆ ಹೋದಳು.