ಗೋಡೆಯೊಳಗಿನ ಇನ್ನೂರ ನಲವತ್ತು ವ್ಯಾಟ್

ಸರಸ್ವತಿಪುರಂನ ನಮ್ಮ ಮನೆಗೆ ವೈರಿಂಗ್ ಕೆಲಸಕ್ಕೆ ಬರುತ್ತಿದ್ದ ಅಕ್ಕ ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದರು. ಯಾವ ಕೆಲಸವಾದರೂ ಮೊದಲು ಮೀಟರ್ ಹಿಡಿದು, ವೋಲ್ಟೇಜು, ಕರೆಂಟು ಎರಡನ್ನೂ ಗೋಡೆಯ ಮೇಲೇ ಬರೆಯುತ್ತಿದ್ದರು. "ಭಾಗಿಸಿದ್ರೆ ರೆಸಿಸ್ಟೆನ್ಸು, ಗುಣಿಸಿದ್ರೆ ವ್ಯಾಟು ಕಣ್ರೀ" ಎನ್ನುವುದು ಅವರ ಮಾತು.

ಒಮ್ಮೆ ಸ್ನಾನದ ನೀರು ಸರಿಯಾಗಿ ಕಾಯದಾಯಿತು. ಗೀಸರ್ ಹಳತಾಯಿತೆಂದು ದೊಡ್ಡದೊಂದನ್ನು ತಂದು, ಕೂರಿಸಲು ಅವರನ್ನು ಕರೆದೆ. ಅವರು ಅದರ ಡಬ್ಬವನ್ನು ಬಿಚ್ಚಲೇ ಇಲ್ಲ. ಹಳೆಯದನ್ನೇ ಆನ್ ಮಾಡಿ ಅಳೆದರು. ಮೇನ್ ಬೋರ್ಡಿನಲ್ಲಿ ಇನ್ನೂರ ಮೂವತ್ತು ವೋಲ್ಟ್, ಗೀಸರಿನ ಬಳಿ ಇನ್ನೂರೇ. ಹರಿಯುತ್ತಿದ್ದದ್ದು ಎಂಟು ಆಂಪಿಯರ್.

"ಇನ್ನೂರನ್ನ ಎಂಟರಿಂದ ಭಾಗಿಸಿದ್ರೆ ಇಪ್ಪತ್ತೈದು ಓಮ್. ಎರಡು ಸಾವಿರ ವ್ಯಾಟಿನ ಗೀಸರಿಗೆ ಹೆಚ್ಚುಕಮ್ಮಿ ಅಷ್ಟೇ ಇರ್ಬೇಕು, ಗೀಸರ್ ಗಟ್ಟಿಯಾಗೇ ಅದೆ. ಮೂವತ್ತು ವೋಲ್ಟ್ ಎಲ್ಲೋಯ್ತು?"

"ಮೂವತ್ತೇ ತಾನೇ, ಬುಡಿ ಅಕ್ಕಾ."

"ಎಂಟರಿಂದ ಗುಣಿಸಿ ಸಾರ್."

ಇನ್ನೂರ ನಲವತ್ತು ವ್ಯಾಟ್.

"ಅಷ್ಟೂ ಶಾಖ ನಿಮ್ಮ ಗೋಡೆಯೊಳಗೆ ಎಲ್ಲೋ ಕೂತದೆ."

ತಕ್ಷಣ ಮೇನ್ ಆಫ್ ಮಾಡಿ, ಕೈಯ ಹಿಂಬದಿಯಿಂದ ಗೋಡೆ ಸವರುತ್ತಾ ಕೋಣೆಯಿಂದ ಕೋಣೆಗೆ ನಡೆದರು. ನಾನು ಹಿಂದೆಯೇ ಹೋದೆ. ಮಗಳ ಮಂಚದ ಬಳಿ ಅವರ ಕೈ ನಿಂತಿತು. ಅವಳ ದಿಂಬಿಗೆ ತಾಗಿದ್ದ ಜಂಕ್ಷನ್ ಬಾಕ್ಸಿನ ಮುಚ್ಚಳ ತೆಗೆದರೆ, ಒಳಗೆ ಗೀಸರ್ ವೈರಿನ ಸಡಿಲವಾಗಿದ್ದ ಜಾಯಿಂಟ್ ಸುಟ್ಟು ಕಪ್ಪಾಗಿತ್ತು.

"ದೊಡ್ಡ ಗೀಸರ್ ಕೂರಿಸಿದ್ದಿದ್ರೆ?" ಎಂದೆ.

"ಇನ್ನೂ ಎಚ್ಚು ಕರೆಂಟ್ ಎಳೀತಿತ್ತು, ಈ ಜಾಯಿಂಟು ಇನ್ನೂ ಕಾಯ್ತಿತ್ತು." ತುರುಬಿನ ಪೆನ್ಸಿಲ್ ತೆಗೆದು ನನಗೆ ಕೊಟ್ಟರು. "ತಕೊಳಿ, ನೀವೇ ಗುಣಿಸಿ."

ಪೆನ್ಸಿಲನ್ನು ಗೋಡೆಗೆ ಊರಿದೆ. ಒಂದಂಕಿಯನ್ನೂ ಬರೆಯದೆ ಅದನ್ನು ಕೆಳಗಿಟ್ಟು, ಮಗಳ ಮಂಚವನ್ನು ಗೋಡೆಯಿಂದ ದೂರ ಎಳೆದೆ.